ಇಕ್ಕೈಗತ್ತಿಯ ಹಿಂದಿನ ದೀಪ

ರೆಕ್ಕೆಮರಡಿ,
ಕ್ರಿಸ್ತಶಕ ೨೪೧೯, ಜೂನ್ ಮೂವತ್ತೊಂದು.

ಕಗ್ಗವಿಯ ಮೊದಮೊದಲ ಆಟಗಾರರಿಗೆ ಸೂರಕ್ಕನ ನಮಸ್ಕಾರಗಳು.

ತಾರೀಕು ನೋಡಿ ನಗಬೇಡಿ. ನಿಮ್ಮ ಜೂನ್ ಮೂವತ್ತಕ್ಕೇ ಮುಗಿಯುತ್ತದೆ ಎಂಬುದು ನನಗೆ ಗೊತ್ತಿದೆ. ನಮ್ಮಲ್ಲಿ ಆಷಾಢದ ಗಾಳಿ ಎದ್ದ ಮೇಲೆ ಅದು ನಿಲ್ಲುವವರೆಗೆ ತಿಂಗಳು ಬದಲಾಗುವುದಿಲ್ಲ. ಹೋದ ವರ್ಷದ ಜೂನ್ ಐವತ್ತು ದಾಟಿತ್ತು. ಭಾಷೆಗೂ ಹೀಗೇ ಏನೇನೋ ಆಗಿದೆ. ನಿಮ್ಮ ಕಾಲದ ಬರವಣಿಗೆಯನ್ನು ಓದಿ ಓದಿ ನಿಮ್ಮ ಹಾಗೆ ಬರೆಯಲು ಕಲಿತಿದ್ದೇನೆ. ಆದರೂ ನಡುನಡುವೆ ನಮ್ಮ ಮಾತು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ಹಿಂದಕ್ಕೆ ಹೇಗೆ ಬರುತ್ತದೆ ಎಂದು ಮಾತ್ರ ಕೇಳಬೇಡಿ. ಕಾಗದ ಕಳಿಸುವ ಯಂತ್ರದವರನ್ನು ನಾನೂ ಕೇಳಿದೆ; ಚಿಕ್ಕದಾಗಿ ಬರಿ ಎಂದಷ್ಟೇ ಹೇಳಿದರು. ಅದು ನನ್ನ ಕೈಲಾಗದ ಕೆಲಸ.

ಚಿತ್ರದುರ್ಗದ ಸುತ್ತಿನ ಗುಡ್ಡಗಳ ಮೇಲೆ ನೀವು ಮೂರು ರೆಕ್ಕೆಯ ಗಾಳಿಕಂಬಗಳನ್ನು ನೆಟ್ಟಿದ್ದೀರಲ್ಲ, ಅಂಥದೊಂದು ಸಾಲಿನ ಬುಡದಲ್ಲಿ ನಮ್ಮ ಊರಿದೆ. ಎಷ್ಟೋ ಕಂಬಗಳು ಉರುಳಿವೆ. ಉರುಳಿದ ರೆಕ್ಕೆಗಳನ್ನು ಮಗುಚಿ ಹಾಕಿ ನಾವು ಮನೆಯ ಮಾಡು ಮಾಡಿಕೊಂಡಿದ್ದೇವೆ. ನಿಂತಿರುವ ಕಂಬಗಳು ಈಗಲೂ ತಿರುಗುತ್ತವೆ. ಸಣ್ಣ ಗಾಳಿ ಬೀಸಿದರೆ ಬಾವಿಯ ನೀರು ಮೇಲಕ್ಕೆ ಬರುತ್ತದೆ, ನವಣೆ ಹಸನಾಗುತ್ತದೆ. ಆಷಾಢದ ದೊಡ್ಡ ಗಾಳಿ ಎದ್ದಾಗ ಮಾತ್ರ ಇವೆಲ್ಲ ಮುಗಿದ ಮೇಲೂ ವಿದ್ಯುತ್ತು ಮಿಗುತ್ತದೆ. ಮಿಕ್ಕಿದ್ದು ನಿಮ್ಮಿಂದ ಬಂದ ಆಟಕ್ಕೆ. ಊರ ಚಾವಡಿಯ ಗೋಡೆಯ ಮೇಲೆ ಬೆಳಕು ಬಿದ್ದು ಕಗ್ಗವಿ ತೆರೆದುಕೊಳ್ಳುತ್ತದೆ. ನೀವು ಅದನ್ನು ಬೇರೆ ಹೆಸರಿನಿಂದ ಕರೆಯುತ್ತಿರಬಹುದು. ಹುರುಳಿಕಾಳು ಮೆಲ್ಲುತ್ತಾ, ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಾವು ಹಗಲೆಲ್ಲ ಆಡುತ್ತೇವೆ. ಗಾಳಿ ನಿಂತರೆ ಆಟವೂ ನಿಲ್ಲುತ್ತದೆ. ಅದರೊಳಗಿನ ನಮ್ಮ ಬೊಂಬೆಗಳು, ಎಂದರೆ ಆಟದಲ್ಲಿ ನಮ್ಮ ಪರವಾಗಿ ನಡೆದಾಡುವ ದೇಹಗಳು, ಎತ್ತಿದ ಕಾಲು ಎತ್ತಿದಂತೆಯೇ ಮುಂದಿನ ವರ್ಷದವರೆಗೆ ನಿಂತುಬಿಡುತ್ತವೆ.

ನನ್ನ ಕಸುಬು ಆ ಆಟದ ಆಯುಧಗಳ ಇತಿಹಾಸ. ಅದರಲ್ಲೂ ಇಕ್ಕೈಗತ್ತಿ, ಅಂದರೆ ಎರಡೂ ಕೈಯಿಂದ ಹಿಡಿಯಬೇಕಾದ ಉದ್ದನೆಯ ಕತ್ತಿ. ಇದೂ ಒಂದು ಕಸುಬೇ ಎಂದು ನಮ್ಮೂರಲ್ಲೂ ಕೇಳುವವರಿದ್ದಾರೆ. ಕೇಳಲಿ. ಕಗ್ಗವಿಯ ಪೇಟೆಯಲ್ಲಿ ಕತ್ತಿಮನೆ ಎಂಬ ಒಂದು ಹಜಾರವಿದೆ. ಆಟ ಹುಟ್ಟಿದಂದಿನಿಂದ ಬಂದ ಒಂದೊಂದು ಕಾಲದ ಕತ್ತಿಯೂ ಅಲ್ಲಿ ತೂಗುತ್ತಿದೆ. ಯಾವ ಕಾಲದ ಕತ್ತಿಯನ್ನು ಎತ್ತಿದರೂ ಅದು ಆ ಕಾಲದ ಗುಣವನ್ನೇ ತೋರಿಸುತ್ತದೆ. ಬೇರೆಯವರ ಕೈಯಲ್ಲಿ ಅವುಗಳನ್ನು ಬೀಸಿಸಿ ನೋಡುತ್ತಾ ನಾನು ಅರ್ಧ ಆಯುಷ್ಯ ಕಳೆದಿದ್ದೇನೆ.

ನಿಮ್ಮ ಕಾಲದ ಕತ್ತಿ ಬಲು ನಿಧಾನ. ಅದನ್ನು ಎತ್ತುವಷ್ಟರಲ್ಲಿ ಹುಲಿ ಕಚ್ಚಿ, ನೀರು ಕುಡಿದು, ಮಲಗಿಬಿಡುತ್ತದೆ. ಗುರಾಣಿ ಹಿಡಿಯಲು ಕೈಯೂ ಇಲ್ಲ. ನೀವೆಲ್ಲ ಕತ್ತಿಯನ್ನು ಬೈದಿರಿ. ಆಡಲಾರದವಳು ನೆಲ ಡೊಂಕು ಅಂದಳಂತೆ ಎಂದು ಗುರಾಣಿಯವರು ನಿಮ್ಮನ್ನು ಬೈದರು. ಆಟ ಮಾಡಿದವರು ಬೇಸತ್ತು ಕತ್ತಿಗೆ ಬಲ ತುಂಬಿದರು. ಎರಡನೆಯ ಕಾಲದ ಕತ್ತಿ ಒಂದೇ ಬೀಸಿಗೆ ಎದುರಿದ್ದವರನ್ನೆಲ್ಲ ಮಲಗಿಸುತ್ತದೆ. ಆಗ ಗುರಾಣಿಯನ್ನು ಕೇಳುವವರೇ ಇಲ್ಲದೆ, ಪೇಟೆಯ ಬೀದಿಯಲ್ಲಿ ಅವನ್ನು ರಾಶಿ ಹಾಕಿದ್ದರಂತೆ. ಆ ರಾಶಿ ಈಗಲೂ ಇದೆ, ಕೋಳಿಗಳು ಅದರ ಮೇಲೆ ಕೂರುತ್ತವೆ. ಅತಿಯಾದರೆ ಅಮೃತವೂ ವಿಷ. ಮೂರನೆಯ ಕಾಲದಲ್ಲಿ ಮಾಡಿದವರೇ ಕತ್ತಿಯ ಬಲ ಕಿತ್ತರು. ಸಿಟ್ಟಿಗೆದ್ದು ಎಷ್ಟೋ ಜನ ಆಟವನ್ನೇ ಬಿಟ್ಟರು. ಬಿಟ್ಟವರನ್ನು ಕರೆತರಲು ನಾಲ್ಕನೆಯ ಕಾಲದಲ್ಲಿ ಕತ್ತಿಗೆ ಸಿಂಗಾರ ಮಾಡಿದರು. ಹರಳು, ಗರಿ, ನೀಲಿ ಬೆಂಕಿ. ಉದ್ದ ಎಷ್ಟಾಯಿತೆಂದರೆ, ಮದುವಣಗಿತ್ತಿಯ ಹಾಗೆ ಅದನ್ನು ಬಾಗಿಲಲ್ಲಿ ಬಗ್ಗಿಸಿ ಒಳಗೆ ಕರೆದುಕೊಳ್ಳಬೇಕು.

ಇಷ್ಟೆಲ್ಲ ಬದಲಾದರೂ ಒಂದು ಮಾತ್ರ ಬದಲಾಗಲಿಲ್ಲ. ಕತ್ತಿ ಹಿಡಿದರೆ ಎರಡು ಕೈಯೂ ತುಂಬಿತು. ಕಗ್ಗವಿಯೊಳಗೋ ಕಣ್ಣಿಗೆ ಕೈ ತಾಕಿದರೂ ಕಾಣದ ಕತ್ತಲು. ದೀಪವನ್ನು ಯಾವ ಕೈಯಲ್ಲಿ ಹಿಡಿಯಬೇಕು? ಅದಕ್ಕೇ ನಮ್ಮಲ್ಲಿ ಜೋಡಿಗಳಿವೆ. ಒಬ್ಬರು ಕತ್ತಿ, ಒಬ್ಬರು ದೀಪ. ಕತ್ತಿಯವರು ಮುಂದೆ, ದೀಪದವರು ಬೆನ್ನ ಹಿಂದೆ. ಹರೆಯಕ್ಕೆ ಬಂದಾಗ ಹಿರಿಯರು ಜೋಡಿ ಕಟ್ಟುತ್ತಾರೆ, ಅದು ಸಾಯುವವರೆಗೆ. ನನಗೆ ಜೋಡಿ ಸಿಗಲಿಲ್ಲ. ಹೆಜ್ಜೆಗೊಂದು ಪ್ರಶ್ನೆ ಕೇಳುವವಳ ಹಿಂದೆ ದೀಪ ಹಿಡಿಯಲು ಯಾರೂ ಒಪ್ಪಲಿಲ್ಲ. ಹಾಗಾಗಿ ಕತ್ತಿಯ ಚರಿತ್ರೆ ಬರೆಯುವ ನಾನು ಕತ್ತಿಯನ್ನು ಮುಟ್ಟಿಯೇ ಇರಲಿಲ್ಲ. ಊರಲ್ಲಿ ಇದು ಹಳೆಯ ಹಾಸ್ಯ.

ಈಗ ಈ ಕಾಗದಕ್ಕೆ ಕಾರಣವಾದ ವಿಷಯಕ್ಕೆ ಬರುತ್ತೇನೆ. ನಮ್ಮೂರ ಕಾಟಕ್ಕ ಕಂಬ ಹತ್ತಿ ರೆಕ್ಕೆಯ ಮೂಲಕ್ಕೆ ಎಣ್ಣೆ ಹಾಕುವವಳು. ಆಟದಲ್ಲಿ ದೊಡ್ಡ ಕತ್ತಿ. ಅವಳ ದೀಪದವನು ಅವಳ ಮೈದುನ ಗಾದ್ರಿ, ಆಡು ಮೇಯಿಸುತ್ತಿದ್ದವನು. ಜೋಡಿ ಕಟ್ಟಿ ಕೆಲವು ವರ್ಷವಾದ ಮೇಲೆ ಅವನ ಆಡುಗಳು ಅವಳ ಸೋರೆಬಳ್ಳಿಯನ್ನು ಬುಡಸಮೇತ ತಿಂದವು. ಮಾತಿಗೆ ಮಾತು ಬೆಳೆದು, ಆಡಬಾರದ್ದನ್ನು ಇಬ್ಬರೂ ಆಡಿ, ಅಲ್ಲಿಂದಾಚೆಗೆ ಊರೊಳಗೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆದರೆ ಜೋಡಿ ಬಿಡುವಂತಿಲ್ಲ. ಗಾಳಿ ಎದ್ದರೆ ಚಾವಡಿಯ ಆ ಮೂಲೆಯಲ್ಲಿ ಅವಳು, ಈ ಮೂಲೆಯಲ್ಲಿ ಇವನು ಕೂತು ಗವಿಗೆ ಹೋಗುತ್ತಿದ್ದರು. "ಬೆಳಕು ಸಾಕಾ ಅತ್ತಿಗೆ", "ತಡಿ ಗಾದ್ರಿ, ಕೆಳಗೆ ನೀರೈತೆ". ವರ್ಷಗಟ್ಟಲೆ ಅವರ ನಡುವೆ ಇದ್ದದ್ದು ಈ ಮಾತುಗಳೇ. ಅವನಷ್ಟು ಚೆನ್ನಾಗಿ ದೀಪ ಹಿಡಿಯುವವರು ಊರಲ್ಲಿ ಇರಲಿಲ್ಲ ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು, ಅವನೊಬ್ಬನನ್ನು ಬಿಟ್ಟು.

ಹೋದ ವರ್ಷದ ಗಾಳಿಯ ಕೊನೆಗೆ ಗವಿಯ ಆಳದಲ್ಲಿ ಕಲ್ಲುಹಂದಿ ಎಂಬ ಮೃಗದ ಹೊಡೆತಕ್ಕೆ ಕಾಟಕ್ಕನ ಬೊಂಬೆ ಬಿತ್ತು. ಬಿದ್ದ ಬೊಂಬೆ ಗವಿಯ ಬಾಯಲ್ಲಿ ಮತ್ತೆ ಏಳುತ್ತದೆ. ಆಗ ದೀಪದವರು ತಾವಿದ್ದಲ್ಲೇ ಕಾಯಬೇಕು. ಕತ್ತಿಯವರು ಬೇರೊಂದು ಜೋಡಿಯ ಬೆಳಕಿನಲ್ಲಿ ನಡೆದು ಹೋಗಿ ಸೇರಿಕೊಳ್ಳಬೇಕು. ಗಾದ್ರಿ ಕಾಯುತ್ತಾ ನಿಂತ. ಅವಳು ಹೊರಡುವ ಮೊದಲೇ ಗಾಳಿ ನಿಂತು ಆಟ ನಿಂತಿತು. ಗಾಳಿಯಿಲ್ಲದ ಆ ತಿಂಗಳುಗಳಲ್ಲಿ ಜ್ವರ ಬಂದು ಗಾದ್ರಿ ತೀರಿಕೊಂಡ. ಮಣ್ಣಿಗೆ ಹೋದಾಗಲೂ ಕಾಟಕ್ಕ ದೂರದಲ್ಲೇ ನಿಂತಿದ್ದಳು.

ಆದರೆ ಅವನ ಬೊಂಬೆ ಗವಿಯ ಆಳದಲ್ಲಿ ದೀಪ ಹಿಡಿದುಕೊಂಡು ಅವಳನ್ನು ಕಾಯುತ್ತಲೇ ಇತ್ತು. ಗಾಳಿ ಎದ್ದು ಆಟ ಶುರುವಾದರೆ ಆ ದೀಪದ ಎಣ್ಣೆ ಇಳಿಯತೊಡಗುತ್ತದೆ. ಹಿಡಿದವರ ಹೊರತು ಬೇರೆಯವರು ಅದಕ್ಕೆ ಎಣ್ಣೆ ಹಾಕಲು ಆಟದಲ್ಲಿ ದಾರಿಯಿಲ್ಲ. ಗವಿಯೊಳಗೆ ದೀಪ ಆರಿದರೆ ಬೊಂಬೆ ಕರಗಿಹೋಗುತ್ತದೆ, ಮತ್ತೆ ಏಳುವುದಿಲ್ಲ. ಅವನನ್ನು ಉಳಿಸಿಕೊಡಿ ಎಂದು ಕಾಟಕ್ಕ ಕೇಳಲಿಲ್ಲ. ದೀಪ ಆರುವಾಗ ತಾನು ಪಕ್ಕದಲ್ಲಿರಬೇಕು ಎಂದಷ್ಟೇ ಕೇಳಿದಳು. ಅದಕ್ಕೂ ಅಡ್ಡಿಯಿತ್ತು. ದೀಪ ಸತ್ತ ಕತ್ತಿ ಗವಿ ಹೊಗಬಾರದು, ಅಂಥವರಿಗೆ ಯಾವ ಜೋಡಿಯೂ ಬೆಳಕು ಕೊಡಬಾರದು ಎಂಬುದು ನಮ್ಮ ಕಟ್ಟಳೆ. ಸರಿತೂಕದವರು, ಅಂದರೆ ಆಟದ ರೀತಿ ರಿವಾಜು ಕಾಯುವ ಹಿರಿಯರು, ಅದನ್ನು ಸಡಿಲಿಸಿದ ನೆನಪು ಯಾರಿಗೂ ಇಲ್ಲ. ಕಾಟಕ್ಕ ನನ್ನ ಮನೆಗೆ ಬಂದಳು. "ಸೂರಿ, ಇದು ಆಟ ಮಾಡ್ದೋರು ಇಟ್ಟಿದ್ದಾ, ನಮ್ಮೋರು ಇಟ್ಟಿದ್ದಾ, ಅಷ್ಟು ನೋಡಿ ಹೇಳು. ಗಾಳಿ ಏಳಾಕೆ ಮುಂಚೆ ಹೇಳು," ಎಂದಳು. ನನ್ನ ವಿದ್ಯೆ ಯಾರಿಗಾದರೂ ಬೇಕಾದದ್ದು ಅದೇ ಮೊದಲು. ಸಂತೋಷಪಡಬಾರದ ಹೊತ್ತಿನಲ್ಲಿ ನನಗೆ ಸಂತೋಷವಾಯಿತು.

ಉತ್ತರ ಎಲ್ಲರ ಕಣ್ಣೆದುರಿಗೇ ಇತ್ತು. ಕಗ್ಗವಿಯ ಪೇಟೆಯಲ್ಲಿ ಅಂಗಡಿಯವರೆಲ್ಲ ಆಟ ಮಾಡಿದವರೇ ಇಟ್ಟ ಬೊಂಬೆಗಳು; ಅವುಗಳ ಹಿಂದೆ ಮನುಷ್ಯರಿಲ್ಲ. ಅವು ಮಾರುವ ಸರಕೂ ಮಾಡಿದವರದೇ. ಅಲ್ಲೊಬ್ಬಳು ನಡುಗೊಕ್ಕೆ ಮಾರುತ್ತಾಳೆ. ಸೊಂಟಕ್ಕೆ ಕಟ್ಟಿಕೊಂಡು ದೀಪ ನೇತುಹಾಕುವ ಕಬ್ಬಿಣದ ಕೊಕ್ಕೆ ಅದು. ನಮ್ಮಲ್ಲಿ ಯಾರೂ ಅದನ್ನು ಕೊಳ್ಳುವುದಿಲ್ಲ, ಕೊಳ್ಳುವುದು ನಾಚಿಕೆಗೇಡು. ಯಾಕೆ ಎಂದು ಕೇಳಿದವರೂ ಇಲ್ಲ. ಎಲ್ಲದಕ್ಕೂ ಪ್ರಶ್ನೆ ಕೇಳುವ ನಾನು ಕೂಡ ಆ ಅಂಗಡಿಯ ಮುಂದೆ ತಲೆ ತಗ್ಗಿಸಿಕೊಂಡೇ ನಡೆದಿದ್ದೆ. ಆಟ ಓಡದ ದಿನಗಳಲ್ಲೂ ಪೇಟೆಯ ನಿಂತ ಚಿತ್ರವನ್ನು ಸಣ್ಣ ಗಾಳಿಯಲ್ಲಿ ನೋಡಬಹುದು. ನೋಡಿದೆ. ಉಳಿದ ಅಂಗಡಿಯವರು ಮೊದಲ ಕಾಲದ ಬೋಳು ಬಟ್ಟೆಯಲ್ಲಿದ್ದರೆ, ಅವಳ ಮೈಮೇಲೆ ಮಾತ್ರ ನಾಲ್ಕನೆಯ ಕಾಲದ ಹರಳು, ಗರಿ. ಅಂದರೆ ಕೊಕ್ಕೆ ಬಂದದ್ದು ತೀರಾ ತಡವಾಗಿ. ಆಮೇಲೆ ಗವಿಯ ಬಾಗಿಲುಗಳನ್ನು ನೋಡಿದೆ. ಒಬ್ಬರೇ ತೂರಬಹುದಾದಷ್ಟು ಕಿರಿದು, ಮುಂದಿನವರ ಮೈ ಹಿಂದಿನವರ ದೀಪವನ್ನೇ ಮರೆ ಮಾಡುತ್ತದೆ. ಜೋಡಿ ಹೋಗಲಿ ಎಂದುಕೊಂಡವರು ಅಂಥ ಬಾಗಿಲು ಇಡುತ್ತಿರಲಿಲ್ಲ.

ನನಗೆ ತೋರಿದ್ದು ಇದು. ಮಾಡಿದವರು ಬೊಂಬೆಗೆ ಎರಡು ಕೈ ಕೊಟ್ಟರು, ಎರಡೂ ಕೈ ತುಂಬುವ ಕತ್ತಿ ಕೊಟ್ಟರು, ಕತ್ತಲೆಯ ಗವಿ ಕೊಟ್ಟರು. ದೀಪಕ್ಕೆ ಜಾಗ ಇಡಲು ಮರೆತರು. ಆ ಮರೆವನ್ನು ನಿಮ್ಮಲ್ಲೊಬ್ಬರು ಮುಚ್ಚಿದರು. ನೀನು ಕತ್ತಿ ಹಿಡಿ, ನಾನು ದೀಪ ಹಿಡಿಯುತ್ತೇನೆ ಎಂದು ತಮ್ಮ ಆಯುಧ ಕೆಳಗಿಟ್ಟರು. ಬಹಳ ತಡವಾಗಿ ಮಾಡಿದವರು ತಪ್ಪು ತಿದ್ದಿ ಕೊಕ್ಕೆ ಕೊಟ್ಟಾಗ, ಬೇಡ, ನಾವು ಹೀಗೇ ಹೋಗುತ್ತೇವೆ ಎಂದು ನಿಮ್ಮ ಬಳಿಕದವರು ಅಂದರು. ಮೊದಲು ದೀಪ ಹಿಡಿದವರು ಯಾರು? ಗಂಡೋ, ಹೆಣ್ಣೋ? ಗೆಳೆಯರೋ, ಅಣ್ಣತಮ್ಮಂದಿರೋ? ಕತ್ತಿ ಹಿಡಿದವರ ಹೆಸರುಗಳನ್ನು ಗವಿಯ ಬಾಯಲ್ಲಿ ಕೆತ್ತಿದ್ದಾರೆ, ಅಷ್ಟೂ ನನಗೆ ಬಾಯಿಪಾಠ. ದೀಪ ಹಿಡಿದವರ ಒಂದೇ ಒಂದು ಹೆಸರು ಅಲ್ಲಿಲ್ಲ.

ಚಾವಡಿಯಲ್ಲಿ ಇದನ್ನೆಲ್ಲ ಹೇಳಿದೆ. ಜೋಡಿ ಮಾಡಿದವರ ನಿಯಮವಲ್ಲ, ಆದ್ದರಿಂದ ಕಾಟಕ್ಕ ಕೊಕ್ಕೆ ಕಟ್ಟಿಕೊಂಡು ಒಬ್ಬಳೇ ಹೋಗಬಹುದು ಎಂದು ವಾದಿಸಿದೆ. ಸರಿತೂಕದವರಲ್ಲಿ ಹಿರಿಯಳಾದ ಮಾರಜ್ಜಿ ಪೂರ್ತಿ ಕೇಳಿಸಿಕೊಂಡು ಹೇಳಿದಳು. "ನಿನ್ ಮಾತು ದಿಟಾನೇ ಇರ್ಬೌದು ಕಣೆ. ಮಾಡ್ದೋರು ಹೇರಿದ್ದಾಗಿದ್ರೆ ಇವತ್ತೇ ಕಿತ್ತಾಕ್ತಿದ್ದೆ. ಆದ್ರೆ ಇದು ನಮ್ಮೋರೇ ಬೇಕೂಂತ ಇಟ್ಕಂಡಿದ್ದು ಅಂತ ನೀನೇ ಹೇಳ್ತಿದೀಯ. ಬೇಕೂಂತ ಇಟ್ಕಂಡಿದ್ದನ್ನ ಹೆಂಗೆ ಬಿಸಾಕಾದು?" ನನ್ನ ಕತ್ತಿಯಿಂದ ನನ್ನದೇ ಕೊರಳು ಕೊಯ್ದ ಹಾಗಾಯಿತು. ತಿರುಗಿ ಕಾಟಕ್ಕನನ್ನು ನೋಡಿದೆ. ಅವಳೂ ತಲೆಯಾಡಿಸಿದಳು. "ಕೊಕ್ಕೆ ನಂಗೂ ಬ್ಯಾಡ. ಅವನು ನಿಂತಿರೋ ಜಾಗಕ್ಕೆ ದೀಪ ನೇತಾಕ್ಕಂಡು ಹೋದ್ರೆ, ನೀನಿಲ್ದಿದ್ರೂ ನಂಗೆ ನಡೀತೈತೆ ಅಂತ ಅವನಿಗೆ ಹೇಳ್ದಂಗೆ ಆಗ್ತೈತೆ."

ಹೊರಗೆ ರೆಕ್ಕೆಗಳು ಆಗಲೇ ನರಳತೊಡಗಿದ್ದವು. ಇನ್ನೊಂದೆರಡು ದಿನದಲ್ಲಿ ದೊಡ್ಡ ಗಾಳಿ ಬರುವುದು ಎಲ್ಲರಿಗೂ ಗೊತ್ತಿತ್ತು. ಆಗ ಕಾಟಕ್ಕ ಒಂದು ಮಾತು ಕೇಳಿದಳು. "ದೀಪ ಸತ್ತ ಕತ್ತಿ ಗವಿ ಹೊಗಬಾರ್ದು, ಒಪ್ಕಂತೀನಿ. ಕತ್ತಿ ಇಟ್ಟುಬಿಟ್ಟು ನಾನೇ ದೀಪ ಆದ್ರೆ?" ಕತ್ತಿ ಹಿಡಿದವರು ದೀಪಕ್ಕೆ ಇಳಿಯುತ್ತಾರೆ ಎಂದು ನಮ್ಮವರು ಯಾರೂ ಎಣಿಸಿರಲೇ ಇಲ್ಲ, ಹಾಗಾಗಿ ಅದಕ್ಕೊಂದು ಕಟ್ಟಳೆಯೂ ಇರಲಿಲ್ಲ. "ಇಳಿಯೋದಾದ್ರೆ ಇಳಿ. ಕತ್ತಿ ಯಾರು ಹಿಡೀತಾರೆ?" ಎಂದಳು ಮಾರಜ್ಜಿ. ಊರಲ್ಲಿ ಜೋಡಿಯಿಲ್ಲದ ವಯಸ್ಕಳು ಒಬ್ಬಳೇ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಯಿಗೆ ಬಂದ ಹತ್ತು ಪ್ರಶ್ನೆಗಳನ್ನು ನುಂಗಿಕೊಂಡು ಹೂಂ ಎಂದೆ.

ಇಕ್ಕೈಗತ್ತಿಯ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೇನೂ ಇಲ್ಲ ಎಂದುಕೊಂಡಿದ್ದವಳು ನಾನು. ಎತ್ತಿದಾಗ ಗೊತ್ತಾಯಿತು. ಕಾಟಕ್ಕನ ಕತ್ತಿ ಮೊದಲ ಕಾಲದ್ದು, ನಿಮ್ಮ ಕೈಯಲ್ಲಿರುವಂಥದೇ. ಗಾಳಿ ಎದ್ದ ಬೆಳಗ್ಗೆ, ಊರಿಗೆ ಊರೇ ನೋಡುತ್ತಿರುವಾಗ ಗವಿಯೊಳಗೆ ನಾನು ಮುಂದೆ, ಅವಳು ಹಿಂದೆ. ಮೊದಲ ಕಲ್ಲುಹಂದಿ ಬಂದಾಗ ಕತ್ತಿ ಎತ್ತಿ, ಎಡಕ್ಕೋ ಬಲಕ್ಕೋ ಎಂದು ಯೋಚಿಸುತ್ತಾ ನಿಂತೆ. ಹಂದಿ ನನ್ನನ್ನು ಗೋಡೆಗೆ ಒತ್ತಿ ಕತ್ತಲಿಗೆ ಓಡಿಹೋಯಿತು. "ಎತ್ತಿದ್ ಮ್ಯಾಲೆ ಯೋಚ್ನೆ ಮಾಡಬ್ಯಾಡ ಕಣೆ, ಎತ್ತಾಕೆ ಮುಂಚೆ ಮಾಡು," ಎಂದು ಕಾಟಕ್ಕ ಹಿಂದಿನಿಂದ ಬೈದಳು. ಚಾವಡಿಯಲ್ಲಿ ಎಲ್ಲರೂ ನಕ್ಕರು. ನೀವೆಲ್ಲ ಶಪಿಸಿದ ಆ ನಿಧಾನ ಯಾತಕ್ಕೆಂದು ಪುಸ್ತಕ ಬರೆದ ನನಗೆ ಒಂದೇ ಬೈಗುಳದಲ್ಲಿ ಅರ್ಥವಾಯಿತು. ಇನ್ನೊಂದು ಹಂದಿಯನ್ನು ಹೇಗೋ ಮಲಗಿಸಿದೆ.

ಆಳಕ್ಕೆ ಇಳಿದಂತೆ ಅವಳ ಬೈಗುಳ ಕಡಿಮೆಯಾಯಿತು. ಒಂದು ತಿರುವಿನಲ್ಲಿ ಅವಳ ಬೆಳಕು ಹಿಂದೆ ಬಿತ್ತು, ಏನಾಯಿತು ಅಂದೆ. "ಏನಿಲ್ಲ. ಇಲ್ಲಿಂದ ಏನೂ ಕಾಣಾದಿಲ್ಲ ಸೂರಿ. ಮೃಗ ಕಾಣಲ್ಲ, ದಾರಿ ಕಾಣಲ್ಲ. ಇಷ್ಟು ವರ್ಷ ಅವನಿಗೆ ಕಂಡಿದ್ದು ಬರೀ ನನ್ ಬೆನ್ನು," ಎಂದಳು. ನನಗೆ ಅಳು ಬಂತು. ಆದರೆ ಕತ್ತಿ ಹಿಡಿದವರಿಗೆ ಕಣ್ಣೊರೆಸಿಕೊಳ್ಳಲು ಕೈಯಿರುವುದಿಲ್ಲ.

ದೂರದಲ್ಲಿ ಒಂದು ಮಂಕು ಬೆಳಕು ಕಂಡಿತು. ಗಾದ್ರಿಯ ಬೊಂಬೆ ಗೋಡೆಗೆ ಒರಗದೆ, ಕೂರದೆ, ದೀಪವನ್ನು ಹೆಗಲ ಮಟ್ಟಕ್ಕೆ ಎತ್ತಿ ಹಿಡಿದು ನಿಂತಿತ್ತು. ಅವಳು ಬರುವ ದಾರಿಗೇ ಮುಖವಿತ್ತು. ನಾನು ಅವನನ್ನು ದಾಟಿ ಮುಂದೆ ನಿಂತೆ. ಆಚೆಯ ಕತ್ತಲಲ್ಲಿ ಹಂದಿಗಳ ಉಸಿರು ಕೇಳುತ್ತಿತ್ತು, ಬೆನ್ನು ತಿರುಗಿಸುವಂತಿರಲಿಲ್ಲ. ಕಾಟಕ್ಕ ಅವನ ಪಕ್ಕಕ್ಕೆ ಹೋಗಿ ನಿಂತಳು. "ನಾನು ಕಣಪ್ಪ. ಅತ್ತಿಗೆ," ಎಂದಳು. ಆಮೇಲೆ ಏನೇನು ಹೇಳಿದಳೋ, ಬಹಳ ಹೊತ್ತು ಹೇಳಿದಳು. ಅದು ನನಗೆ ಹೇಳಿದ್ದಲ್ಲ, ಬರೆಯುವುದಿಲ್ಲ. ನನ್ನೆದುರಿನ ಬಂಡೆಯ ಮೇಲೆ ನನ್ನ ಎರಡು ನೆರಳುಗಳು ಬಿದ್ದಿದ್ದವು, ಒಂದು ಅವನ ದೀಪದ್ದು, ಒಂದು ಅವಳದ್ದು. ನಾನು ಅವನ್ನೇ ನೋಡುತ್ತಾ ನಿಂತಿದ್ದೆ. ಒಂದು ನೆರಳು ತೆಳ್ಳಗಾಗುತ್ತಾ ಬಂತು. ಕೊನೆಗೆ ಬಂಡೆಯ ಮೇಲೆ ನನ್ನದು ಒಂದೇ ನೆರಳು ಉಳಿಯಿತು. "ನಡಿಯೇ," ಎಂದಳು ಕಾಟಕ್ಕ.

ಆ ಬಳಿಕ ನಾವಿಬ್ಬರೂ ಜೋಡಿಯಾಗಿಯೇ ಉಳಿದಿದ್ದೇವೆ. ನಾನು ಇನ್ನೂ ಗೋಡೆಗೆ ಗುದ್ದಿಸಿಕೊಳ್ಳುತ್ತೇನೆ, ಅವಳು ಇನ್ನೂ ಬೈಯುತ್ತಾಳೆ.

ನಿಮ್ಮಲ್ಲಿ ನನ್ನದೊಂದು ಬೇಡಿಕೆಯಿದೆ. ಕತ್ತಿಯ ಬಲ ಹೆಚ್ಚಿಸಿ, ಇಳಿಸಿ ಎಂದು ನೀವು ಮಾಡಿದವರೊಡನೆ ಜಗಳವಾಡುವುದನ್ನು ನಾನು ತಡೆಯುವುದಿಲ್ಲ; ಆ ಜಗಳ ಇಲ್ಲದಿದ್ದರೆ ನನಗೆ ಕಸುಬೇ ಇರುತ್ತಿರಲಿಲ್ಲ. ಮೊದಲು ದೀಪ ಹಿಡಿದವರ ಹೆಸರು ತಿಳಿಯುವ ಆಸೆ ನನಗೆ ಬಹಳ ಇದೆ, ಆದರೆ ನೀವು ಬರೆದಿಟ್ಟರೂ ಅದು ಇಲ್ಲಿಯವರೆಗೆ ಬರುತ್ತದೆ ಎಂಬ ನಂಬಿಕೆಯಿಲ್ಲ. ಹಾಗಾಗಿ ಇಷ್ಟು ಮಾಡಿ. ಇವತ್ತು ನಿಮ್ಮ ಕೈಯಲ್ಲಿ ಇಕ್ಕೈಗತ್ತಿಯಿದ್ದು, ಹಿಂದೆ ಯಾರೋ ದೀಪ ಹಿಡಿದು ಬರುತ್ತಿದ್ದರೆ, ಎದುರಿಗೆ ಯಾವ ಮೃಗವೂ ಇಲ್ಲದ ಹೊತ್ತು ನೋಡಿ ಒಮ್ಮೆ ಹಿಂದಕ್ಕೆ ತಿರುಗಿ. ಅವರ ಮುಖ ನೋಡಿ, ಹೆಸರು ಹಿಡಿದು ಮಾತಾಡಿಸಿ. ಕಾಟಕ್ಕ ಇದನ್ನು ಓದಿಸಿ ಕೇಳಿದಳು, ಸರಿಯಾಗಿದೆ ಎಂದಳು.

ನಿಮ್ಮ,
ಸೂರಕ್ಕ
(ಕತ್ತಿ)

ಕಾಟಕ್ಕ
(ದೀಪ)